ವಿಚ್ಛೇದನದ ನಂತರ ಮಗು ಯಾರ ಮನೆಯಲ್ಲಿ? ಸುಪರ್ದಿ ಮತ್ತು ಭೇಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲರೂ ಮೊದಲು ಕೇಳುವುದು "ಮಗು ಯಾರಿಗೆ ಸಿಗುತ್ತೆ?" ಎಂದು. ಆದೇಶ ಕೈಗೆ ಬಂದ ಮೇಲೆ ವರ್ಷಗಟ್ಟಲೆ ಕಾಡುವ ಪ್ರಶ್ನೆಗಳೇ ಬೇರೆ: ಶನಿವಾರ ಎಷ್ಟು ಗಂಟೆಗೆ, ಯಾವ ಗೇಟಿನ ಹತ್ತಿರ, ಯಾರು ಕರೆತರಬೇಕು, ಜ್ವರ ಬಂದರೆ ಏನು. ಹಾಗಾಗಿ ಇಲ್ಲಿ ಕಾನೂನಿನಷ್ಟೇ ಜಾಗವನ್ನು ಇಂಥ ಸಣ್ಣಪುಟ್ಟ ವಿವರಗಳಿಗೂ ಕೊಟ್ಟಿದ್ದೇವೆ. ಉತ್ತರಗಳು ಕರ್ನಾಟಕದ ಕೋರ್ಟುಗಳ ನಡಾವಳಿಯನ್ನು ಮನಸ್ಸಿನಲ್ಲಿಟ್ಟು ಬರೆದವು. ನಿಮ್ಮ ಕಾಗದಪತ್ರ ನೋಡಿದ ವಕೀಲರು ಬೇರೆ ಹೇಳಿದರೆ ಅವರಿಂದ ಕಾರಣ ಕೇಳಿ ತಿಳಿದುಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಕಸ್ಟಡಿ, ಗಾರ್ಡಿಯನ್, ವಿಸಿಟೇಷನ್ ಅಂತ ವಕೀಲರು ಮೂರು ಮಾತು ಹೇಳ್ತಾರೆ. ಮೂರೂ ಒಂದೇನಾ?

ಅಲ್ಲ. ಮಗು ದಿನಾ ಯಾರ ಮನೆಯಲ್ಲಿ ಉಂಡು, ಮಲಗಿ, ಶಾಲೆಗೆ ಹೋಗುತ್ತದೋ ಅವರಿಗೆ ಸುಪರ್ದಿ, ಅಂದರೆ ಕಸ್ಟಡಿ ಇದೆ ಎಂದರ್ಥ. ಮಗುವಿನ ಪರವಾಗಿ ಸಹಿ ಹಾಕುವ, ಆಸ್ತಿ ನೋಡಿಕೊಳ್ಳುವ, ದೊಡ್ಡ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಪೋಷಕತ್ವ. ಸುಪರ್ದಿ ಸಿಗದವರು ಮಗುವನ್ನು ನೋಡುವುದು, ಒಂದಷ್ಟು ಹೊತ್ತು ಜೊತೆಗಿಟ್ಟುಕೊಳ್ಳುವುದು ವಿಸಿಟೇಷನ್. ಸುಪರ್ದಿ ತಾಯಿಗೆ ಹೋದ ಮಾತ್ರಕ್ಕೆ ತಂದೆಯ ಪೋಷಕತ್ವ ಅಳಿಸಿಹೋಗುವುದಿಲ್ಲ.

ಹಿಂದೂಗಳಿಗೆ ಅನ್ವಯಿಸುವ 1956ರ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆಯ ಕಲಂ 6ರ ಪ್ರಕಾರ ಸಹಜ ಪೋಷಕ ತಂದೆ, ಆತನ ನಂತರ ತಾಯಿ. ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪೋಷಕಿಯಾಗಬಹುದು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಶಾಲೆ, ಬ್ಯಾಂಕ್ ಕೌಂಟರುಗಳಲ್ಲಿ ಅಪ್ಪನ ಸಹಿಯೇ ಬೇಕೆಂದು ಹಟ ಹಿಡಿಯುವವರು ಇಂದಿಗೂ ಇದ್ದಾರೆ. "ಶಾಲೆ, ಆಸ್ಪತ್ರೆ, ಬ್ಯಾಂಕ್ ವ್ಯವಹಾರಕ್ಕೆ ತಾಯಿಯೊಬ್ಬರ ಸಹಿ ಸಾಕು" ಎಂಬ ಒಂದು ಸಾಲನ್ನು ಆದೇಶದಲ್ಲಿ ಕೇಳಿ ಹಾಕಿಸಿಕೊಂಡರೆ ಆ ಅಲೆದಾಟ ತಪ್ಪುತ್ತದೆ.

ಮಗನಿಗೆ ಮುಂದಿನ ತಿಂಗಳು ಐದು ತುಂಬುತ್ತೆ. ಆಮೇಲೆ ಅಪ್ಪನಿಗೆ ಕೊಡಲೇಬೇಕಂತೆ, ನಿಜವಾ?

ಸುಳ್ಳು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದಷ್ಟೇ ಕಲಂ 6 ಹೇಳುತ್ತದೆ. ಐದು ತುಂಬಿದ ದಿನ ಮಗು ತಂತಾನೇ ತಂದೆಯ ಪಾಲಾಗುತ್ತದೆ ಎಂದು ಎಲ್ಲೂ ಇಲ್ಲ. ಆ ವಯಸ್ಸು ದಾಟಿದ ಮೇಲೆ ತಾಯಿಯ ಕಡೆಗಿದ್ದ ಒಲವು ಸಡಿಲವಾಗುತ್ತದೆ, ಮಗುವಿನ ಹಿತ ಎಲ್ಲಿದೆ ಎಂಬ ತೂಕ ಶುರುವಾಗುತ್ತದೆ. ಅದೇ ಕಾಯ್ದೆಯ ಕಲಂ 13 ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. "ಸಾಮಾನ್ಯವಾಗಿ" ಎಂಬ ಮಾತಿರುವುದರಿಂದ, ಎರಡು ವರ್ಷದ ಮಗುವನ್ನೂ ಬಲವಾದ ಕಾರಣವಿದ್ದರೆ ತಂದೆಗೆ ಕೊಡಬಹುದು. ಆ ಕಾರಣವನ್ನು ಸಾಬೀತು ಮಾಡುವ ಹೊರೆ ತಂದೆಯದು.

ನನಗೆ ಕೆಲಸ ಇಲ್ಲ, ತವರಲ್ಲಿದ್ದೀನಿ. ಅವರಿಗೆ ಲಕ್ಷಗಟ್ಟಲೆ ಸಂಬಳ. ಮಗು ಅವರಿಗೇ ಹೋಗುತ್ತಾ?

ಸಂಬಳದ ಚೀಟಿ ನೋಡಿ ಮಗುವನ್ನು ಕೊಡುವುದಿಲ್ಲ. ದುಡ್ಡಿನ ಕೊರತೆ ತುಂಬಲು ಜೀವನಾಂಶವಿದೆ. ನ್ಯಾಯಾಧೀಶರು ಹುಡುಕುವುದು ಇಂಥವನ್ನು: ಇಷ್ಟು ದಿನ ಮಗುವಿಗೆ ಊಟ ಮಾಡಿಸಿದ್ದು, ಲಸಿಕೆ ಹಾಕಿಸಿದ್ದು, ಪೋಷಕರ ಸಭೆಗೆ ಹೋಗಿದ್ದು ಯಾರು, ನೀವು ಹೊರಗೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ, ಶಾಲೆ ಬದಲಾಗುತ್ತದಾ, ಅಣ್ಣತಂಗಿಯರು ಬೇರೆಯಾಗುತ್ತಾರಾ. ಇನ್ನೊಂದನ್ನು ಗಮನಿಸುತ್ತಾರೆಂದು ಬಹಳ ಮಂದಿಗೆ ಗೊತ್ತಿಲ್ಲ: ಮಗು ಇನ್ನೊಬ್ಬರ ಜೊತೆ ಬೆರೆಯಲು ನೀವು ಬಿಡುತ್ತೀರಾ ಇಲ್ಲವಾ. ಭೇಟಿಗೆ ಪ್ರತಿ ಸಲ ಕೊಕ್ಕೆ ಹಾಕುವವರ ಮೇಲೆ ಕೋರ್ಟಿನ ನಂಬಿಕೆ ಕಡಿಮೆಯಾಗುತ್ತದೆ.

ಮಗು ಯಾರ ಹತ್ರ ಇರ್ತೀನಿ ಅನ್ನುತ್ತೋ ಅವರಿಗೇ ಕೊಡ್ತಾರಾ? ಯಾವ ವಯಸ್ಸಿನಿಂದ ಕೇಳ್ತಾರೆ?

ನಿಗದಿಯಾದ ವಯಸ್ಸಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಕಲಂ 17, ತಿಳಿದು ಆಯ್ಕೆ ಮಾಡುವಷ್ಟು ಬೆಳೆದ ಮಗುವಿನ ಮಾತನ್ನು ಪರಿಗಣಿಸಬಹುದು ಎನ್ನುತ್ತದೆ. ಒಂಬತ್ತು ಹತ್ತು ದಾಟಿದ ಮಕ್ಕಳನ್ನು ನ್ಯಾಯಾಧೀಶರು ಚೇಂಬರಿಗೆ ಕರೆದು, ತಂದೆತಾಯಿ ಇಬ್ಬರನ್ನೂ ಹೊರಗೆ ಕೂರಿಸಿ ಮಾತನಾಡಿಸುವುದು ವಾಡಿಕೆ. ಮಗುವಿನ ಮಾತಿಗೆ ತೂಕವಿದೆ, ಆದರೆ ಅದೊಂದೇ ತೀರ್ಮಾನಿಸುವುದಿಲ್ಲ.

ಹಿಂದಿನ ರಾತ್ರಿ ಬಾಯಿಪಾಠ ಮಾಡಿಸಬೇಡಿ. ಏಳು ವರ್ಷದ ಮಗು "ಅಪ್ಪ ಮಾನಸಿಕ ಹಿಂಸೆ ಕೊಡ್ತಾರೆ" ಎಂದರೆ ಆ ಪದ ಯಾರದ್ದೆಂದು ಚೇಂಬರಿನಲ್ಲಿ ಕೂತವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ.

ನಾವು ಮುಸ್ಲಿಮರು. ನಮಗೆ ಬೇರೆ ನಿಯಮ ಇದೆಯಲ್ಲ?

ಹಿಜಾನತ್, ಅಂದರೆ ಮಗುವನ್ನು ಸಾಕಲು ತಾಯಿಗಿರುವ ಹಕ್ಕಿನ ನಿಯಮದಂತೆ ಸುನ್ನಿಗಳ ಹನಫಿ ಪಂಥದಲ್ಲಿ ಮಗ ಏಳು ವರ್ಷದವರೆಗೆ, ಮಗಳು ಪ್ರೌಢಳಾಗುವವರೆಗೆ ತಾಯಿಯ ಬಳಿ. ಶಿಯಾ ಪದ್ಧತಿಯಲ್ಲಿ ಮಗ ಎರಡು, ಮಗಳು ಏಳು ವರ್ಷದವರೆಗೆ. ಆದರೆ ವಿಷಯ ಕೋರ್ಟಿಗೆ ಬಂದಾಗ 1890ರ ಕಾಯ್ದೆಯೇ ದಾರಿ, ಅಲ್ಲಿ ಮಗುವಿನ ಹಿತಕ್ಕೇ ಮೊದಲ ಮಣೆ. ಕ್ರೈಸ್ತರು ವಿಚ್ಛೇದನ ಪ್ರಕರಣದಲ್ಲೇ 1869ರ ವಿಚ್ಛೇದನ ಕಾಯ್ದೆಯಡಿ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರು ಅದರ ಕಲಂ 38ರಡಿ ಕೇಳಬಹುದು.

## ಅರ್ಜಿ ಮತ್ತು ಒಪ್ಪಂದ

ಡೈವೋರ್ಸ್ ಕೇಸ್ ಬೆಂಗಳೂರಲ್ಲಿದೆ, ಮಗು ನನ್ನ ಜೊತೆ ಹುಬ್ಬಳ್ಳಿಯಲ್ಲಿದೆ. ಎಲ್ಲಿ ಅರ್ಜಿ ಹಾಕಬೇಕು?

ಎರಡು ದಾರಿ ಇವೆ. ವಿಚ್ಛೇದನ ಪ್ರಕರಣ ನಡೆಯುತ್ತಿದ್ದರೆ ಅದೇ ಕೋರ್ಟಿನಲ್ಲಿ ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಮಧ್ಯಂತರ ಅರ್ಜಿ, ಅಂದರೆ ಐ.ಎ. ಹಾಕಬಹುದು. ಬೇರೆಯಾಗಿಯೇ ಹಾಕುವುದಾದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಪ್ರಕರಣ, ಕೋರ್ಟಿನ ಭಾಷೆಯಲ್ಲಿ "ಜಿ ಅಂಡ್ ಡಬ್ಲ್ಯುಸಿ". ಅದನ್ನು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿನಲ್ಲಿ ಹಾಕಬೇಕು, ಕಲಂ 9. ಕೌಟುಂಬಿಕ ನ್ಯಾಯಾಲಯವಿರುವ ಊರಲ್ಲಿ ಅಲ್ಲಿ, ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿದೆ.

ಎಡವುವುದು "ಸಾಮಾನ್ಯವಾಗಿ ವಾಸ" ಎಂಬಲ್ಲಿ. ಹೋದ ವಾರ ಮಗುವನ್ನು ಕರೆದುಕೊಂಡು ತವರಿಗೆ ಬಂದು ಈ ವಾರ ಇಲ್ಲೇ ವಾಸ ಎಂದರೆ ಎದುರಿನವರು ವ್ಯಾಪ್ತಿಯ ತಕರಾರು, ಅಂದರೆ ಈ ಕೋರ್ಟಿಗೆ ಪ್ರಕರಣ ಕೇಳುವ ಅಧಿಕಾರವಿಲ್ಲ ಎಂಬ ವಾದ ಎತ್ತುತ್ತಾರೆ, ತಿಂಗಳುಗಟ್ಟಲೆ ಅದರ ಮೇಲೇ ವಾದ ನಡೆಯುತ್ತದೆ. ಶಾಲೆಗೆ ಸೇರಿಸಿದ ರಸೀದಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಈ ಶಾಲೆಗೆ ವರ್ಗವಾದ ದಾಖಲೆ, ಅಂಗನವಾಡಿ ಅಥವಾ ಮಕ್ಕಳ ವೈದ್ಯರ ಚೀಟಿ ಇದ್ದರೆ ವಾಸದ ಮಾತು ನಿಲ್ಲುತ್ತದೆ.

ಅರ್ಜಿ ಜೊತೆ ಏನೇನು ಇಡಬೇಕು?

ಮದುವೆಯ ನೋಂದಣಿ ಪತ್ರ ಅಥವಾ ಲಗ್ನಪತ್ರಿಕೆ ಮತ್ತು ಫೋಟೊ, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಇತ್ತೀಚಿನ ಅಂಕಪಟ್ಟಿ, ಲಸಿಕೆ ಕಾರ್ಡ್, ನಿಮ್ಮ ವಾಸದ ದಾಖಲೆ, ಶುಲ್ಕ ಕಟ್ಟಿದ ಬ್ಯಾಂಕ್ ವಿವರ. ವಾಟ್ಸ್ಆ್ಯಪ್ ಸಂದೇಶ ಇಡುವುದಾದರೆ ಬರೀ ಸ್ಕ್ರೀನ್‌ಶಾಟ್ ಸಾಲದು. ಫೋನ್, ಕಂಪ್ಯೂಟರ್ ದಾಖಲೆಗಳಿಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಜೊತೆಗಿರಲಿ, ಮೂಲ ಫೋನ್ ಕೆಡಿಸಬೇಡಿ. ಕೌಟುಂಬಿಕ ನ್ಯಾಯಾಲಯ ಸಾಕ್ಷ್ಯದ ವಿಷಯದಲ್ಲಿ ಒಂದಿಷ್ಟು ಉದಾರಿ, ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಕಲಂ 14 ಅದಕ್ಕೆ ಆಸ್ಪದ ಕೊಟ್ಟಿದೆ. ಹಾಗಂತ ಮಗುವನ್ನು ಅಳಿಸಿ ವಿಡಿಯೊ ಮಾಡಿ ತಂದರೆ ಅದು ನಿಮಗೇ ತಿರುಗುಬಾಣ.

ಊರ ಹಿರೇರು ಕೂಡಿಸಿ ಬಾಂಡ್ ಪೇಪರ್ ಮ್ಯಾಲೆ ಬರೆಸ್ಯಾರ, ಮಗು ತಾಯಿ ಕಡೆ ಅಂತ. ಅದು ನಡೀತದೋ ಇಲ್ಲೋ?

ಇಬ್ಬರೂ ಒಪ್ಪಿ ಪಾಲಿಸುವ ತನಕ ನಡೆಯುತ್ತದೆ. ಒಬ್ಬರು ತಿರುಗಿಬಿದ್ದ ದಿನ ಆ ಕಾಗದವನ್ನು ಹಿಡಿದು ಜಾರಿ ಮಾಡಿಸಲು ಆಗುವುದಿಲ್ಲ, ನೋಟರಿ ಸೀಲ್ ಇದ್ದರೂ ಅಷ್ಟೇ. "ಇಂಥಾ ದಿನ ಹೀಗೆ ಒಪ್ಪಿದ್ದರು" ಎಂದು ತೋರಿಸುವ ಸಾಕ್ಷ್ಯವಾಗಿ ಮಾತ್ರ ಕೆಲಸಕ್ಕೆ ಬರುತ್ತದೆ. ಅದೇ ಷರತ್ತುಗಳನ್ನು ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಒಪ್ಪಂದಪತ್ರವಾಗಿ ಬರೆಸಿ, ನ್ಯಾಯಾಧೀಶರ ಮುಂದೆ ದಾಖಲಿಸಿದರೆ ಅದು ಆದೇಶವಾಗುತ್ತದೆ.

ಪರಸ್ಪರ ಒಪ್ಪಿ ಡೈವೋರ್ಸ್ ತಗೋತಿದ್ದೀವಿ. ಮಗುವಿನ ಬಗ್ಗೆ ಒಪ್ಪಂದದಲ್ಲಿ ಏನು ಬರೆಸಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ. ಬಹಳಷ್ಟು ಜಂಟಿ ಅರ್ಜಿಗಳಲ್ಲಿ "ತಂದೆಯು ಪರಸ್ಪರ ಅನುಕೂಲದಂತೆ ಮಗುವನ್ನು ಭೇಟಿ ಮಾಡಬಹುದು" ಎಂಬ ಒಂದೇ ಸಾಲಿರುತ್ತದೆ. ಸಹಿ ಹಾಕುವಾಗ ಸಲೀಸು. ಆರು ತಿಂಗಳ ನಂತರ ಒಬ್ಬರ ಅನುಕೂಲ ಇನ್ನೊಬ್ಬರಿಗೆ ಅನನುಕೂಲವಾದಾಗ ಆ ಸಾಲನ್ನು ಯಾರೂ ಉಲ್ಲಂಘಿಸಿದಂತೆ ಆಗುವುದಿಲ್ಲ, ಹಾಗಾಗಿ ಯಾರೂ ಜಾರಿ ಮಾಡಿಸಲೂ ಆಗುವುದಿಲ್ಲ. ಬದಲಿಗೆ ಹೀಗೆ ಬರೆಸಿ:

"ಪ್ರತಿ ತಿಂಗಳ ಮೊದಲ ಮತ್ತು ಮೂರನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ತಂದೆಯು ತಾಯಿಯ ಅಪಾರ್ಟ್‌ಮೆಂಟಿನ ಮುಖ್ಯ ಗೇಟಿನಿಂದ ಮಗುವನ್ನು ಕರೆದೊಯ್ದು, ಭಾನುವಾರ ಸಂಜೆ 6 ಗಂಟೆಗೆ ಅದೇ ಸ್ಥಳದಲ್ಲಿ ಒಪ್ಪಿಸತಕ್ಕದ್ದು. ಮಗುವಿಗೆ ಅನಾರೋಗ್ಯವಿದ್ದಲ್ಲಿ ಹಿಂದಿನ ರಾತ್ರಿ 8ರೊಳಗೆ ವೈದ್ಯರ ಚೀಟಿಯೊಂದಿಗೆ ತಿಳಿಸತಕ್ಕದ್ದು. ತಪ್ಪಿದ ಭೇಟಿಯನ್ನು ಮುಂದಿನ ಶನಿವಾರ ಸರಿದೂಗಿಸತಕ್ಕದ್ದು. ತಂದೆಯು ತಿಳಿಸದೆ 30 ನಿಮಿಷಕ್ಕಿಂತ ತಡವಾದಲ್ಲಿ ಆ ದಿನದ ಭೇಟಿ ರದ್ದು."

ಹಬ್ಬಗಳಿಗೆ ಸಮ ವರ್ಷ, ಬೆಸ ವರ್ಷದ ಲೆಕ್ಕ ಒಳ್ಳೆಯದು: ಸಮ ವರ್ಷದಲ್ಲಿ ಯುಗಾದಿ, ಗಣೇಶ ಚತುರ್ಥಿ ತಾಯಿಯ ಬಳಿ, ದೀಪಾವಳಿ ತಂದೆಯ ಬಳಿ, ಬೆಸ ವರ್ಷದಲ್ಲಿ ಅದಲುಬದಲು. ಹಬ್ಬದ ದಿನ ಯಾವುದೆಂದು ಪಂಚಾಂಗ ಹಿಡಿದು ಜಗಳವಾಗದಂತೆ "ಆ ವರ್ಷದ ಸರ್ಕಾರಿ ರಜಾಪಟ್ಟಿಯ ದಿನ" ಎಂದು ಸೇರಿಸಿ. ದಸರಾ ಮತ್ತು ಬೇಸಿಗೆ ರಜೆಗೆ ತಾರೀಖು ಹಾಕಬೇಡಿ. ರಾಜ್ಯ ಪಠ್ಯಕ್ರಮದ ಶಾಲೆಯ ರಜೆ, ಸಿಬಿಎಸ್‌ಇ ಶಾಲೆಯ ರಜೆ ಒಂದೇ ಸಮಯಕ್ಕೆ ಬರುವುದಿಲ್ಲ. "ಮಗು ಓದುವ ಶಾಲೆಯ ಕ್ಯಾಲೆಂಡರಿನಂತೆ ರಜೆಯ ಮೊದಲರ್ಧ" ಎಂದರೆ ಶಾಲೆ ಬದಲಾದರೂ ಒಪ್ಪಂದ ನಿಲ್ಲುತ್ತದೆ.

ಇವಿಷ್ಟರ ಜೊತೆ ಶಾಲಾ ಶುಲ್ಕ, ವ್ಯಾನ್, ಟ್ಯೂಷನ್, ಆಸ್ಪತ್ರೆ ಖರ್ಚು ಯಾರದ್ದು ಮತ್ತು ವರ್ಷಕ್ಕೆ ಶೇಕಡ ಎಷ್ಟು ಏರಿಕೆ ಎಂದೂ ಬರೆಸಿ. ಅಂಕಪಟ್ಟಿ ಮತ್ತು ಪೋಷಕರ ಸಭೆ ಇಬ್ಬರಿಗೂ ಮುಕ್ತವೇ ಎಂಬುದು. ಶಸ್ತ್ರಚಿಕಿತ್ಸೆಯಂಥ ತುರ್ತಿನಲ್ಲಿ ಎಷ್ಟು ಹೊತ್ತಿನೊಳಗೆ ತಿಳಿಸಬೇಕು. ಪಾಸ್‌ಪೋರ್ಟ್ ಯಾರ ಬಳಿ. "ಮಗುವಿಗೆ ಜೀವನಾಂಶ ಬೇಡ" ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಒಪ್ಪಿ ಪಡೆದ ಡಿಕ್ರಿಗೆ, ಅಂದರೆ ಕೋರ್ಟಿನ ಅಂತಿಮ ಆದೇಶಕ್ಕೆ, ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಕಲಂ 19ರಡಿ ಮೇಲ್ಮನವಿ ಇಲ್ಲ ಎಂಬುದೂ ನೆನಪಿರಲಿ. ಓದದೆ ಸಹಿ ಹಾಕಬೇಡಿ.

ಕೇಸ್ ಮುಗಿಯೋಕೆ ವರ್ಷಗಳೇ ಆಗುತ್ತೆ ಅಂತಾರೆ. ಅಲ್ಲಿವರೆಗೆ ಮಗು ಮುಖ ನೋಡದೆ ಇರಬೇಕಾ?

ಬೇಡ. ಮುಖ್ಯ ಪ್ರಕರಣದ ಜೊತೆಗೇ ಮಧ್ಯಂತರ ಭೇಟಿಗೆ ಅರ್ಜಿ ಹಾಕಿ. ಜಿ ಅಂಡ್ ಡಬ್ಲ್ಯುಸಿಯಲ್ಲಾದರೆ 1890ರ ಕಾಯ್ದೆಯ ಕಲಂ 12, ವಿಚ್ಛೇದನ ಪ್ರಕರಣದಲ್ಲಾದರೆ ಹಿಂದೂ ವಿವಾಹ ಕಾಯ್ದೆಯ ಕಲಂ 26. ಮಗುವಿನ ಜೀವನಾಂಶ ಮತ್ತು ಓದಿನ ಖರ್ಚಿನ ಅರ್ಜಿಯನ್ನು, ಸಾಧ್ಯವಾದಮಟ್ಟಿಗೆ, ಎದುರು ಕಕ್ಷಿದಾರರಿಗೆ ನೋಟಿಸ್ ತಲುಪಿದ 60 ದಿನಗಳೊಳಗೆ ಮುಗಿಸಬೇಕು ಎಂದು ಕಲಂ 26ರಲ್ಲೇ ಇದೆ. ಆಚರಣೆಯಲ್ಲಿ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ, ಅದಕ್ಕೆ ದೊಡ್ಡ ಕಾರಣ ನೋಟಿಸ್ ಜಾರಿಯಾಗದಿರುವುದು. ಎದುರಿನವರ ಕಚೇರಿ ವಿಳಾಸ, ಈಗಿನ ಮನೆ ವಿಳಾಸ, ಮೊಬೈಲ್, ಇಮೇಲ್ ಎಲ್ಲವನ್ನೂ ಮೊದಲ ದಿನವೇ ಕೊಡಿ. ಮೊದಲಿಗೆ ಸಣ್ಣದನ್ನೇ ಕೇಳಿ: ವಾರಕ್ಕೆ ಎರಡು ಗಂಟೆ. ಅದು ನಾಲ್ಕೈದು ಸಲ ಸುಸೂತ್ರವಾಗಿ ನಡೆದ ದಾಖಲೆ ಇದ್ದರೆ ಇಡೀ ದಿನಕ್ಕೆ ಕೇಳುವುದು ಸುಲಭ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ. ಏನು ಮಾಡಲಿ?

ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. ಪರಿಶಿಷ್ಟ ಜಾತಿ, ಪಂಗಡದವರಿಗೂ. ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಿಲ್ಲದೆ ನೀವೇ ಹೇಳಿಕೊಳ್ಳಲೂ ಅವಕಾಶವಿದೆ.

## ಭೇಟಿಯ ದಿನಗಳು

ಯಾವ ವಯಸ್ಸಿಗೆ ಎಷ್ಟು ಹೊತ್ತು ಕೇಳೋದು ಸರಿ?

ಕಾನೂನಿನಲ್ಲಿ ಅಳತೆಯಿಲ್ಲ. ಎರಡು ವರ್ಷದೊಳಗಿನ ಕೂಸಿಗೆ ನೆನಪು ಗಟ್ಟಿಯಾಗಲು ಮೇಲಿಂದ ಮೇಲೆ ನೋಡಬೇಕು: ವಾರಕ್ಕೆ ಎರಡು ಮೂರು ಸಲ, ಒಂದೆರಡು ಗಂಟೆ, ಎದೆಹಾಲು ಮತ್ತು ನಿದ್ದೆಯ ಹೊತ್ತು ತಪ್ಪಿಸಿ. ತಿಂಗಳಿಗೊಮ್ಮೆ ಇಡೀ ದಿನ ಕೊಟ್ಟರೆ ಪ್ರತಿ ಸಲವೂ ಅಪರಿಚಿತರೇ. ಮೂರರಿಂದ ಐದರವರೆಗೆ ಅರ್ಧ ದಿನ, ಆಮೇಲೆ ಇಡೀ ದಿನ, ಒಗ್ಗಿದ ಮೇಲೆ ಒಂದು ರಾತ್ರಿ. ಆರರಿಂದ ಹನ್ನೆರಡರವರೆಗೆ ವಾರ ಬಿಟ್ಟು ವಾರ ಶನಿವಾರ ಭಾನುವಾರ ಮತ್ತು ರಜೆಯ ಅರ್ಧ ಎಂಬುದು ಸಾಮಾನ್ಯವಾಗಿ ಒಗ್ಗುವ ಕ್ರಮ. ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್, ಕ್ರಿಕೆಟ್, ಗೆಳೆಯರು ಎಲ್ಲ ಇರುತ್ತಾರೆ; ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ವರ್ಷದಲ್ಲಿ ಭೇಟಿ ಕಡಿಮೆ, ಫಲಿತಾಂಶದ ನಂತರ ಹೆಚ್ಚು ಎಂದು ಮೊದಲೇ ಬರೆದುಕೊಂಡರೆ ಮನಸ್ತಾಪವಿಲ್ಲ.

ಆರು ತಿಂಗಳು ಅಪ್ಪನ ಹತ್ರ, ಆರು ತಿಂಗಳು ಅಮ್ಮನ ಹತ್ರ ಅಂತ ಕೊಡ್ತಾರಂತಲ್ಲ?

ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಂದು ಪ್ರಕರಣದಲ್ಲಿ ಹೀಗೆ ಕೊಟ್ಟಿದೆ: ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಗೆ ಶಿಫಾರಸು ಮಾಡಿತು, ಅದು ಕಾನೂನಾಗಿಲ್ಲ. ಆದ್ದರಿಂದ ಇದು ಕೋರ್ಟಿನ ವಿವೇಚನೆ, ಹಕ್ಕಲ್ಲ. ನಮ್ಮ ಅನಿಸಿಕೆ: ಎರಡೂ ಮನೆಗಳಿಂದ ಒಂದೇ ಶಾಲೆಗೆ ಮುಕ್ಕಾಲು ಗಂಟೆಯೊಳಗೆ ತಲುಪುವಂತಿದ್ದು, ತಂದೆತಾಯಿ ಹೋಮ್‌ವರ್ಕ್ ಬಗ್ಗೆಯಾದರೂ ಮಾತನಾಡುವಷ್ಟು ಸಂಬಂಧ ಉಳಿದಿದ್ದರೆ ಮಾತ್ರ ಕೇಳಿ. ಒಬ್ಬರು ಯಲಹಂಕದಲ್ಲಿ, ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ ಮಗುವಿನ ಬಾಲ್ಯ ವ್ಯಾನಿನಲ್ಲೇ ಕಳೆದೀತು.

ಮಗುವನ್ನು ಎಲ್ಲಿ ಒಪ್ಪಿಸೋದು? ಅವರ ಮನೆಯವರನ್ನು ನೋಡಿದ್ರೆ ಜಗಳ ಶುರುವಾಗುತ್ತೆ.

ಜಗಳವಿದ್ದಲ್ಲಿ ಮನೆಬಾಗಿಲು ಬೇಡ. ಸಾಧ್ಯವಿದ್ದರೆ ಶಾಲೆಯನ್ನೇ ಬಳಸಿ: ಶುಕ್ರವಾರ ತಾಯಿ ಬಿಡುತ್ತಾರೆ, ಸಂಜೆ ತಂದೆ ಕರೆದೊಯ್ಯುತ್ತಾರೆ, ಸೋಮವಾರ ತಂದೆ ಬಿಡುತ್ತಾರೆ; ಇಬ್ಬರೂ ಎದುರಾಗುವ ಪ್ರಸಂಗವೇ ಇಲ್ಲ. ಇದಕ್ಕೆ ಶಾಲೆಗೆ ಆದೇಶದ ಪ್ರತಿ ಮತ್ತು ಕರೆದೊಯ್ಯುವವರ ಫೋಟೊ ಕೊಟ್ಟಿರಬೇಕು. ಮಾಲ್, ಗ್ರಂಥಾಲಯ, ದೇವಸ್ಥಾನದ ಮುಂಭಾಗ ಎರಡನೇ ಆಯ್ಕೆ. ಕೋರ್ಟ್ ಆವರಣದ ಮಕ್ಕಳ ಕೊಠಡಿ ಸುರಕ್ಷಿತ, ಆದರೆ ಮಗುವಿಗೆ ಹಿತವಾದ ಜಾಗವಲ್ಲ. ಅಲ್ಲಿಗೆ ಎರಡನೇ ಶನಿವಾರ ಹಾಕಿಸಿಕೊಂಡರೆ ಕೋರ್ಟಿಗೇ ರಜೆ, ಬಾಗಿಲು ಮುಚ್ಚಿರುತ್ತದೆ.

ಒಪ್ಪಿಸುವಾಗ ಚೀಲದಲ್ಲಿ ಏನಿದೆ ಎಂಬುದು ಬಹಳ ಜಗಳಗಳ ಮೂಲ. ಎರಡು ಜೊತೆ ಬಟ್ಟೆ, ಕನ್ನಡಕವಿದ್ದರೆ ಕನ್ನಡಕ, ಔಷಧಿ ಮತ್ತು ಕೊಡುವ ಹೊತ್ತು ಬರೆದ ಚೀಟಿ, ಡೈರಿ, ಸೋಮವಾರ ನೇರ ಶಾಲೆಗಾದರೆ ಸಮವಸ್ತ್ರ ಮತ್ತು ಶೂ. ಅಪ್ಪ ಕೊಡಿಸಿದ ಆಟಿಕೆಯನ್ನು ಕಿತ್ತಿಟ್ಟುಕೊಂಡು ಕಳಿಸಬೇಡಿ. ದುಡ್ಡಿನ ಮಾತು, ವಾಯಿದೆಯ ಮಾತು ಆ ಐದು ನಿಮಿಷದಲ್ಲಿ ಬೇಡವೇ ಬೇಡ.

ವಿಡಿಯೊ ಕಾಲ್ ಕೇಳಬಹುದಾ?

ಕೇಳಬಹುದು. 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್, ಸುಪರ್ದಿ ಸಿಗದ ತಂದೆ ಅಥವಾ ತಾಯಿ ದಿನಕ್ಕೆ ಐದು ಹತ್ತು ನಿಮಿಷ ಮಗುವಿನೊಡನೆ ಮಾತನಾಡುವಂತಿರಬೇಕು ಎಂದಿದೆ. ಹೊತ್ತು, ಆ್ಯಪ್, ಯಾರ ಫೋನ್ ಎಂದು ಬರೆಸಿ. ನಾಲ್ಕು ವರ್ಷದ ಮಗು ಎರಡು ನಿಮಿಷಕ್ಕೆ ಎದ್ದು ಓಡಿದರೆ ಅದು ತಾಯಿಯ ಪಿತೂರಿಯಲ್ಲ. ಕಥೆ ಓದಿ, ಚಿತ್ರ ತೋರಿಸಿ. "ಊಟ ಆಯ್ತಾ" ಎಂಬುದು ಮೂರನೇ ದಿನಕ್ಕೆ ಸಪ್ಪೆ. ಮಗುವಿನ ಪಕ್ಕ ಕೂತು ಉತ್ತರ ಪಿಸುಗುಟ್ಟುವುದೂ, ಕರೆಯಲ್ಲಿ ಮನೆಯೊಳಗಿನ ಸಮಾಚಾರ ಕೆದಕುವುದೂ ಎರಡೂ ತಪ್ಪು.

ಮಗು ಹೋಗಲ್ಲ ಅಂತ ಅಳುತ್ತೆ. ಒತ್ತಾಯಿಸಿ ಕಳಿಸಬೇಕಾ?

ಮೊದಲು ಅಳುವನ್ನು ಗಮನಿಸಿ. ಕೈಬಿಡುವಾಗ ಅತ್ತು, ಹತ್ತು ನಿಮಿಷದಲ್ಲಿ ಆಟಕ್ಕಿಳಿದರೆ ಅದು ಸಣ್ಣ ಮಕ್ಕಳ ಸಹಜ ಅಂಜಿಕೆ. ಮೊದಲ ದಿನ ಶಾಲೆಗೆ ಬಿಟ್ಟಾಗಲೂ ಹೀಗೇ. ವಾಪಸ್ ಬಂದ ಮೇಲೆ ಹಾಸಿಗೆ ಒದ್ದೆ ಮಾಡುವುದು, ನಿದ್ದೆಯಲ್ಲಿ ಬೆಚ್ಚುವುದು, ಮೈಮೇಲೆ ಗುರುತು, ಯಾರದೋ ಹೆಸರು ಹೇಳಿದರೆ ಮುದುಡುವುದು ಕಂಡರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ, ಬರೆದಿಟ್ಟು, ಕೋರ್ಟಿಗೆ ಅರ್ಜಿ ಹಾಕಿ. ನೀವೇ ಭೇಟಿ ನಿಲ್ಲಿಸಿದರೆ ಆದೇಶ ಉಲ್ಲಂಘಿಸಿದವರು ನೀವಾಗುತ್ತೀರಿ.

ಎದುರಿನವರು "ಮಗುವಿನ ತಲೆ ಕೆಡಿಸಿದ್ದಾರೆ" ಎನ್ನುವುದು ಈಗ ಸಾಮಾನ್ಯ. 2024ರಲ್ಲಿ ಸುಪ್ರೀಂ ಕೋರ್ಟ್ ಈ ಹಣೆಪಟ್ಟಿಯನ್ನು ಅವಸರದಿಂದ ಹಚ್ಚಬಾರದು, ಯಾವ ನಡವಳಿಕೆ ಎಂದು ನಿರ್ದಿಷ್ಟವಾಗಿ ತೋರಿಸಬೇಕು ಎಂದಿತು. ಆರೋಪ ಮಾಡುವವರು ದಿನಾಂಕ, ಮಾತು, ಸಂದೇಶ ಇಟ್ಟುಕೊಂಡೇ ಮಾಡಬೇಕು.

ನಾವು ಅಜ್ಜಿ ತಾತ. ಮೊಮ್ಮಗಳನ್ನು ನೋಡೋ ಹಕ್ಕು ನಮಗಿಲ್ವಾ?

ಕಾಯ್ದೆಯಲ್ಲಿ ನಿಮಗೆ ಅಂತ ಬೇರೆ ಕಲಂ ಇಲ್ಲ. ಮಗುವಿನ ಹಿತವೆಂದು ಕಂಡರೆ ಕೋರ್ಟ್ ಅವಕಾಶ ಕೊಡಬಹುದು. ಸುಲಭದ ದಾರಿ, ನಿಮ್ಮ ಮಗ ಅಥವಾ ಮಗಳ ಭೇಟಿಯ ಆದೇಶದಲ್ಲೇ "ಅಜ್ಜ ಅಜ್ಜಿಯ ಸಮ್ಮುಖದಲ್ಲಿ, ಅವರ ಮನೆಯಲ್ಲೂ" ಎಂದು ಸೇರಿಸುವುದು.

## ತೊಡಕು ಬಂದಾಗ

ನಾಲ್ಕು ತಿಂಗಳಿಂದ ಜೀವನಾಂಶ ಕಟ್ಟಿಲ್ಲ. ಮಗು ತೋರಿಸೋದನ್ನು ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ಜೀವನಾಂಶ ಬೇರೆ, ಭೇಟಿ ಬೇರೆ. ಒಂದು ತಪ್ಪಿದರೆ ಇನ್ನೊಂದನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ಹಾಗೆಯೇ "ಮಗು ತೋರಿಸಲ್ಲ, ದುಡ್ಡು ಕೊಡಲ್ಲ" ಎನ್ನುವ ತಂದೆಯ ವಾದವೂ ನಿಲ್ಲದು. ಬಾಕಿಗೆ ಅಮಲ್ಜಾರಿ, ಅಂದರೆ ಆದೇಶವನ್ನು ಜಾರಿ ಮಾಡಿಸುವ ಅರ್ಜಿ ಹಾಕಿ. 2024ರ ಜುಲೈ 1ರಿಂದ ಜೀವನಾಂಶಕ್ಕಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 125ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144 ಇದೆ. ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ನಿಯಮ ಮಾಡಿದೆ.

ಆರ್ಡರ್ ಇದೆ, ಆದ್ರೂ ಪ್ರತಿ ಶನಿವಾರ ಏನಾದ್ರೂ ನೆಪ ಹೇಳಿ ಕಳಿಸಲ್ಲ.

ಪ್ರತಿ ಸಲ ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಹೋಗಿ. ಹೋಗದೆ "ಹೇಗೂ ಕಳಿಸಲ್ಲ" ಎಂದು ಮನೆಯಲ್ಲಿ ಕೂತರೆ ಉಲ್ಲಂಘನೆಗೆ ಸಾಕ್ಷ್ಯವೇ ಇರುವುದಿಲ್ಲ. ಅಲ್ಲಿಂದಲೇ "10 ಗಂಟೆಗೆ ಗೇಟಿನ ಬಳಿ ಬಂದಿದ್ದೇನೆ" ಎಂದು ಸಂದೇಶ ಕಳಿಸಿ, ಬೈಗುಳ ಬೇಡ. ಮೂರು ನಾಲ್ಕು ಸಲ ತಪ್ಪಿದ ಮೇಲೆ ಅದೇ ಕೋರ್ಟಿಗೆ ದಿನಾಂಕಗಳ ಪಟ್ಟಿಯೊಂದಿಗೆ ಅರ್ಜಿ ಹಾಕಿ, ತಪ್ಪಿದ ದಿನಗಳನ್ನು ತುಂಬಿಕೊಡಲು ಕೇಳಿ. ಅದಕ್ಕೂ ಬಗ್ಗದಿದ್ದರೆ ಅಮಲ್ಜಾರಿ, ಹೈಕೋರ್ಟಿನಲ್ಲಿ ನ್ಯಾಯಾಂಗ ನಿಂದನೆ. ನಿಂದನೆ ಅರ್ಜಿಗೆ ಒಂದು ವರ್ಷದ ಗಡುವಿದೆ. ಸತತವಾಗಿ ತಡೆದರೆ ಸುಪರ್ದಿಯನ್ನೇ ಬದಲಿಸಲು ಅದು ಕಾರಣವಾಗಬಹುದು.

ಗಂಡ ಮಗುವನ್ನು ಎತ್ತಿಕೊಂಡು ಹೋಗಿ ವಾಪಸ್ ಕಳಿಸ್ತಿಲ್ಲ. ಪೊಲೀಸರು "ಅಪ್ಪನ ಹತ್ರಾನೇ ಇದೆಯಲ್ಲಮ್ಮ" ಅಂತಾರೆ.

ಸುಪರ್ದಿ ಆದೇಶ ಇಲ್ಲದಾಗ ತಂದೆಯೂ ಸಹಜ ಪೋಷಕ, ಆದ್ದರಿಂದ ಅಪಹರಣದ ದೂರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಮುಂದೆ ಅದೇ ದಾಖಲೆ. ನಂತರ 1890ರ ಕಾಯ್ದೆಯ ಕಲಂ 25ರಡಿ ಮಗುವನ್ನು ಮರಳಿಸಲು ಅರ್ಜಿ, ಜೊತೆಗೆ ಕಲಂ 12ರ ಮಧ್ಯಂತರ ಅರ್ಜಿ. ಹೊಡೆತಬಡಿತವೂ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕಲಂ 21ರಡಿ ಮ್ಯಾಜಿಸ್ಟ್ರೇಟರೇ ತಾತ್ಕಾಲಿಕ ಸುಪರ್ದಿ ಕೊಡಬಹುದು. ಎದೆಹಾಲು ಕುಡಿಯುವ ಕೂಸು, ಎಲ್ಲಿದೆ ಎಂದೇ ತಿಳಿಯದಿರುವುದು ಇಂಥ ತುರ್ತಿಗೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಲು ಕೇಳುವ ಅರ್ಜಿ ಇದೆ. ಬೆಂಗಳೂರಿನ ಜೊತೆ ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ದಿನ ಕಳೆದಷ್ಟೂ ಮಗು ಹೊಸ ಜಾಗಕ್ಕೆ ಒಗ್ಗಿದೆ ಎಂಬ ವಾದ ಬಲವಾಗುತ್ತದೆ. ಹಿರಿಯರ ರಾಜಿ ಮಾತಿಗೆ ಕಾಯುತ್ತಾ ತಿಂಗಳು ದಾಟಿಸಬೇಡಿ.

ಅವರು ಕುಡೀತಾರೆ, ಕೈ ಎತ್ತುತ್ತಾರೆ. ಆದ್ರೂ ಮಗುವನ್ನು ಒಬ್ಬರೇ ಕರೆದುಕೊಂಡು ಹೋಗೋಕೆ ಬಿಡಬೇಕಾ?

ಮೇಲ್ವಿಚಾರಣೆಯ ಭೇಟಿ ಕೇಳಿ: ಕೋರ್ಟಿನ ಕೊಠಡಿಯಲ್ಲಿ ಅಥವಾ ಇಬ್ಬರೂ ಒಪ್ಪಿದ ಹಿರಿಯರ ಎದುರು, ರಾತ್ರಿ ತಂಗುವಿಕೆ ಇಲ್ಲ, ಕುಡಿದು ಬಂದರೆ ಆ ದಿನ ಭೇಟಿ ಇಲ್ಲ, ಮಗುವಿನೊಂದಿಗೆ ವಾಹನ ಓಡಿಸುವಂತಿಲ್ಲ. ಭೇಟಿ ಮಗುವಿಗೆ ಅಪಾಯವೆಂದು ಕಂಡರೆ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಅದನ್ನು ಪೂರ್ತಿ ನಿರಾಕರಿಸಲೂಬಹುದು. ಆಸ್ಪತ್ರೆಯ ಗಾಯದ ಪತ್ರ, ಡಿ-ಅಡಿಕ್ಷನ್ ಚೀಟಿ, 112ಕ್ಕೆ ಮಾಡಿದ ಕರೆಯ ದಾಖಲೆ ಮಾತಿಗಿಂತ ಹೆಚ್ಚು ನಡೆಯುತ್ತವೆ. ಮಗು ತಕ್ಷಣದ ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ನನಗೆ ಬೇರೆ ಊರಿಗೆ ವರ್ಗವಾಗಿದೆ. ಮಗುವಿನ ಟಿ.ಸಿ. ತೆಗೆಸಿಕೊಂಡು ಹೋಗಬಹುದಾ?

ಆದೇಶದಲ್ಲಿ "ಕೋರ್ಟಿನ ವ್ಯಾಪ್ತಿ ಬಿಡಬಾರದು" ಎಂದಿದೆಯಾ ನೋಡಿ. ಕೋರ್ಟ್ ನೇಮಿಸಿದ ಪೋಷಕರಿಗಾದರೆ 1890ರ ಕಾಯ್ದೆಯ ಕಲಂ 26ರಂತೆ ಅನುಮತಿ ಬೇಕೇ ಬೇಕು. ನಿರ್ಬಂಧ ಇಲ್ಲದಿದ್ದರೂ ಭೇಟಿ ಅಸಾಧ್ಯವಾಗುವಷ್ಟು ದೂರವಾದರೆ ಮೊದಲು ಅರ್ಜಿ ಹಾಕುವುದೇ ಜಾಣತನ. ಅರ್ಜಿಯಲ್ಲಿ ವರ್ಗಾವಣೆ ಆದೇಶ, ಹೊಸ ಶಾಲೆಯ ವಿವರ, ಮತ್ತು ಕಳೆದುಹೋಗುವ ವಾರಾಂತ್ಯಗಳಿಗೆ ಬದಲಾಗಿ ರಜೆಯಲ್ಲಿ ಎಷ್ಟು ದಿನ, ಬಸ್ ರೈಲಿನ ಖರ್ಚು ಯಾರದ್ದು ಎಂದು ನೀವೇ ಮುಂದಿಡಿ.

ನಾನು ಮರುಮದುವೆ ಆಗ್ತಿದ್ದೀನಿ. ಮಗು ಕೈತಪ್ಪುತ್ತಾ?

ಮರುಮದುವೆಯೊಂದೇ ಕಾರಣವಾಗಿ ಸುಪರ್ದಿ ಹೋಗುವುದಿಲ್ಲ. ಹೊಸ ಮನೆಯಲ್ಲಿ ಮಗುವಿನ ಸ್ಥಿತಿ ಏನು ಎಂಬುದನ್ನು ಕೋರ್ಟ್ ನೋಡಬಹುದು. ಸುಪರ್ದಿ ಆದೇಶ ಯಾವುದೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದಾಗ ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿದೆ. ಪರಸ್ಪರ ಒಪ್ಪಿಗೆಯ ಡಿಕ್ರಿಯಲ್ಲಿ ಬರೆದದ್ದಕ್ಕೂ ಇದು ಅನ್ವಯ. ಮಲತಂದೆ ದತ್ತು ತೆಗೆದುಕೊಳ್ಳಬೇಕೆಂದರೆ ಹುಟ್ಟಿಸಿದ ತಂದೆಯ ಒಪ್ಪಿಗೆ ಬೇಕಾಗುತ್ತದೆ.

ಕೋರ್ಟ್ ಆದೇಶ ನನಗೆ ವಿರುದ್ಧ ಬಂತು. ಮೇಲ್ಮನವಿಗೆ ಎಷ್ಟು ದಿನ?

ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶಕ್ಕೆ 30 ದಿನಗಳಲ್ಲಿ ಹೈಕೋರ್ಟಿಗೆ. ಮಧ್ಯಂತರ ಆದೇಶಕ್ಕೆ ಮೇಲ್ಮನವಿ ಇಲ್ಲ, ರಿಟ್ ಅರ್ಜಿಯ ದಾರಿ, ಅಂದರೆ ಸಂವಿಧಾನದಡಿ ಹೈಕೋರ್ಟಿಗೆ ಹಾಕುವ ಅರ್ಜಿ. ತೀರ್ಪು ಓದಿದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆ ಸಿಗುವ ತನಕ ಪಾಲಿಸಬೇಕು.

## ವಿದೇಶದ ನಂಟಿದ್ದರೆ

ಮಗುವಿನ ಪಾಸ್‌ಪೋರ್ಟಿಗೆ ಅವರು ಸಹಿ ಹಾಕ್ತಿಲ್ಲ.

ಸಾಮಾನ್ಯವಾಗಿ ಪಾಸ್‌ಪೋರ್ಟ್ ಅರ್ಜಿಯ ಜೊತೆ ಇಬ್ಬರ ಸಹಿಯ ಅನುಬಂಧ ಡಿ (ಒಪ್ಪಿಗೆಯ ನಮೂನೆ) ಬೇಕು. ಒಬ್ಬರ ಒಪ್ಪಿಗೆ ಇಲ್ಲದಾಗ ಅನುಬಂಧ ಸಿ ಯಲ್ಲಿ ಕಾರಣ ಬರೆದು ಸುಪರ್ದಿ ಆದೇಶದ ಪ್ರತಿ ಇಡಬೇಕು. ಪ್ರಕರಣ ನಡೆಯುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಅನುಮಾನವಿದ್ದಲ್ಲಿ ಕೋರ್ಟಿನಿಂದ ಅನುಮತಿ ಪಡೆದೇ ಹೋಗಿ. ಮಗುವನ್ನು ಹೊರದೇಶಕ್ಕೆ ಒಯ್ಯುವ ಭಯ ನಿಮಗಿದ್ದರೆ ಪಾಸ್‌ಪೋರ್ಟನ್ನು ಕೋರ್ಟಿನಲ್ಲಿ ಠೇವಣಿ ಇಡಿಸಲು ಮತ್ತು ಅನುಮತಿಯಿಲ್ಲದೆ ದೇಶ ಬಿಡದಂತೆ ತಡೆ ಕೇಳಿ.

ನಾವು ಅಮೆರಿಕದಲ್ಲಿದ್ದೀವಿ. ಮಗುವನ್ನು ಕರೆದುಕೊಂಡು ಮೈಸೂರಿಗೆ ಬಂದುಬಿಟ್ರೆ ಇಲ್ಲಿಯ ಕೋರ್ಟಲ್ಲೇ ತೀರ್ಮಾನ ಆಗುತ್ತಲ್ಲ?

ಈ ಸಲಹೆ ಕೊಡುವ ನೆಂಟರು ಬಹಳ. ಮಕ್ಕಳನ್ನು ಗಡಿ ದಾಟಿಸುವುದರ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಆದ್ದರಿಂದ ಅಲ್ಲಿಯ ಆದೇಶ ಇಲ್ಲಿ ತಾನಾಗಿ ಜಾರಿಯಾಗದು ಎಂಬುದು ನಿಜ. 2017ರಲ್ಲಿ ಸುಪ್ರೀಂ ಕೋರ್ಟ್, ವಿದೇಶಿ ಆದೇಶ ಒಂದು ಅಂಶ ಮಾತ್ರ, ಮಗುವಿನ ಹಿತವನ್ನು ಸ್ವತಂತ್ರವಾಗಿ ನೋಡಬೇಕು ಎಂದಿದೆ. ಆದರೆ ಅಲ್ಲೇ ಹುಟ್ಟಿ, ಅಲ್ಲೇ ಓದುತ್ತಿರುವ ಮಗುವಿನ ಹಿತ ಅಲ್ಲಿಗೆ ಮರಳುವುದರಲ್ಲಿದೆ ಎಂದು ಇಲ್ಲಿಯ ಕೋರ್ಟುಗಳೇ ಹಿಂದಕ್ಕೆ ಕಳಿಸಿದ ಪ್ರಕರಣಗಳಿವೆ. ಜೊತೆಗೆ ಅಮೆರಿಕದ 1993ರ ಕಾಯ್ದೆಯಂತೆ ಇನ್ನೊಬ್ಬ ಪೋಷಕರ ಹಕ್ಕಿಗೆ ಅಡ್ಡಿಪಡಿಸಲು ಮಗುವನ್ನು ದೇಶದಾಚೆ ಒಯ್ಯುವುದು ಮೂರು ವರ್ಷದವರೆಗೆ ಸೆರೆವಾಸದ ಅಪರಾಧ. ಆಮೇಲೆ ನೀವೇ ಅಲ್ಲಿಗೆ ಕಾಲಿಡುವುದು ಕಷ್ಟ.

ಒಪ್ಪಿ ಮಗುವನ್ನು ಹೊರದೇಶಕ್ಕೆ ಕಳಿಸುವವರು "ಮಿರರ್ ಆರ್ಡರ್" ಕೇಳುತ್ತಾರೆ, ಅಂದರೆ ಇಲ್ಲಿಯ ಆದೇಶದಂಥದ್ದೇ ಆದೇಶ ಅಲ್ಲಿಯ ಕೋರ್ಟಿನಿಂದಲೂ. 2020ರಲ್ಲಿ ಸುಪ್ರೀಂ ಕೋರ್ಟ್ ಇದೇ ಷರತ್ತಿನ ಮೇಲೆ ಒಂದು ಮಗುವನ್ನು ಕೆನ್ಯಾದಲ್ಲಿದ್ದ ತಂದೆಗೆ ಒಪ್ಪಿಸಿತು. ತಂದೆ ಕೋರ್ಟನ್ನೇ ವಂಚಿಸಿದ್ದಾರೆಂದು ಕಂಡುಬಂದು 2021ರಲ್ಲಿ ತನ್ನ ಆದೇಶವನ್ನು ಹಿಂಪಡೆಯಿತು, ಅಷ್ಟರಲ್ಲಿ ಮಗು ಕೆನ್ಯಾದಲ್ಲಿತ್ತು. ಹಾಗಾಗಿ ಮಗು ವಿಮಾನ ಹತ್ತುವ ಮೊದಲು ಆ ದೇಶದ ವಕೀಲರೊಬ್ಬರಿಂದ ಅಲ್ಲಿಯ ಆದೇಶವನ್ನು ಪರಿಶೀಲಿಸಿ ಬರವಣಿಗೆಯಲ್ಲಿ ಅಭಿಪ್ರಾಯ ತರಿಸಿಕೊಳ್ಳಿ, ಮತ್ತು ವಾಪಸಾತಿಯ ಖಾತ್ರಿಗೆ ಇಲ್ಲಿಯ ಕೋರ್ಟಿನಲ್ಲಿ ದೊಡ್ಡ ಮೊತ್ತದ ಠೇವಣಿ ಇಡಿಸಲು ಕೇಳಿ.